ಪದವಿನ ಮೇಲೆ ಪಿಕಪ್

ಪಿಕಪ್ ಎಂದರೆ ನನಗೆ ಗೊತ್ತಿದ್ದದ್ದು ಮೀನಿನ ಗಾಡಿ. ಬೆಳಿಗ್ಗೆ ಬಂದರಿನ ಕಡೆಯಿಂದ ಬರುತ್ತದಲ್ಲ, ರಸ್ತೆಯುದ್ದಕ್ಕೂ ಮಂಜುಗಡ್ಡೆಯ ನೀರು ಸುರಿಸಿಕೊಂಡು, ಅದು. ಅಂಥದ್ದೊಂದನ್ನು ನಮ್ಮ ಮನೆಯವರು ಗುಡ್ಡ ಹತ್ತಿ ಇಳಿಯುವ ಖುಷಿಗಾಗಿ ತರುತ್ತಾರೆ, ಅದನ್ನು ಆರಿಸುವಾಗ ನನ್ನ ಮಾತೂ ಲೆಕ್ಕಕ್ಕೆ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮಕ್ಕಳೇ, ಈ ಕಥೆಯನ್ನು ನಿಮ್ಮ ಅಪ್ಪ ಒಂದು ರೀತಿ ಹೇಳುತ್ತಾರೆ, ಅಮ್ಮ ಇನ್ನೊಂದು ರೀತಿ. ನಿಮ್ಮಲ್ಲಿ ದೊಡ್ಡವಳು ಆ ದಿನ ಗಾಡಿಯ ಒಳಗೇ ಇದ್ದಳು. ಹಾಗಾಗಿ ತನಗೆ ಎಲ್ಲ ಗೊತ್ತು ಎಂದುಕೊಂಡಿದ್ದಾಳೆ. ಚಿಕ್ಕವಳು ಜ್ವರ ಬಂದು ನನ್ನ ತೊಡೆಯ ಮೇಲೆ ಮಲಗಿದ್ದಳು, ಅವಳಿಗೆ ನೆನಪಿರಲಾರದು. ಮನೆಯಲ್ಲಿ ಉಳಿದವಳ ಪಾಡು ಏನಾಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ನಾಲ್ಕು ಜನರ ಎದುರು ಬಾಯಿ ಬಿಡುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಮನೆಯಲ್ಲಿ ನಾವು ಆಡುವುದು ತುಳು, ಊರಿನ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದ್ದು ಕನ್ನಡ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿಯ ಆಸೆ ಹುಟ್ಟಿದ್ದು ನಿಮ್ಮ ಅಮ್ಮನಿಗೆ, ನನ್ನ ಮಗಳಿಗೆ. ಬಲ್ಮಠದ ಕಾಲೇಜಿನಲ್ಲಿ ಪಾಠ ಮಾಡಿ, ಸಂಜೆ ಬಸ್ಸು ಹಿಡಿದು ಕಾವೂರಿಗೆ ಬಂದು, ಉಂಡಾದ ಮೇಲೆ ಅವಳು ಫೋನಿನಲ್ಲಿ ನೋಡುತ್ತಿದ್ದದ್ದು ಒಂದೇ. ದೊಡ್ಡ ಚಕ್ರದ ಗಾಡಿಗಳು ಕೆಸರಿನಲ್ಲಿ ಏಳುವುದು, ಬೀಳುವುದು, ಹೊಳೆಗೆ ಇಳಿದು ಎರಡೂ ಬದಿಗೆ ನೀರು ಚಿಮ್ಮಿಸಿಕೊಂಡು ಆಚೆ ದಡ ಸೇರುವುದು. "ಡಾಂಬರು ಮುಗಿದ ಮೇಲೂ ಹೋಗುವ ಗಾಡಿ ಬೇಕು ನನಗೆ" ಎನ್ನುತ್ತಿದ್ದಳು. ಹಿಂದಿನ ತೆರೆದ ಬಾಡಿಯಲ್ಲಿ ಡೇರೆ, ಒಲೆ, ಚಾಪೆ ಎಲ್ಲ ಹಾಕಿಕೊಂಡು ಹೋಗಬೇಕು, ಹೊಳೆಯ ಬದಿಯಲ್ಲಿ ಮಕ್ಕಳಿಗೆ ಗಂಜಿ ಬೇಯಿಸಬೇಕು, ರಜೆಯ ದಿನ ಮಕ್ಕಳು ಗೋಡೆ ನೋಡಿಕೊಂಡು ಕೂರಬಾರದು. ಇದು ಅವಳ ಲೆಕ್ಕ.

ನಿಮ್ಮ ಅಪ್ಪನಿಗೆ ನಗು. "ಪಿಕಪ್ಪಾ? ದಾರಿಯಲ್ಲಿ ಜನ ಕೈ ಅಡ್ಡ ಹಾಕಿ ಬಂಗುಡೆ ಹೇಗೆ ಅಂತ ಕೇಳ್ತಾರೆ ಮಾರಾಯ್ತಿ."

"ಕೇಳ್ಲಿ. ನಿಮ್ಮ ಹೋಟೆಲಿಗೆ ಮೀನು ನಾನೇ ತಂದು ಹಾಕ್ತೇನೆ, ನಿಮಗೂ ಒಂದು ಕೆಲಸ ಕಮ್ಮಿ."

"ಹಿಂದೆ ಮಾಮಿಯನ್ನು ಕೂರಿಸ್ತೀಯಾ, ಮಂಜುಗಡ್ಡೆ ಹಾಕಿ?"

ಮಾಮಿ ಎಂದರೆ ಅವರ ಅತ್ತೆ, ನಾನು. ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದು ಒಳಗೆ ಹೋದೆ. ಅವರು ತಮಾಷೆಗೆ ಹೇಳಿದ್ದು. ಆದರೆ ನಿಮ್ಮ ಅಮ್ಮ ಅದನ್ನು ಹಿಡಿದುಕೊಂಡಳು. "ಹೌದು, ಅಮ್ಮ ಹಿಂದಿನ ಸೀಟಿನಲ್ಲಿ ಕೂರುವವರು. ಅವರು ಸರಿ ಅಂದ ಗಾಡಿಯೇ ಬರ್ಲಿ. ಅವರು ಬೇಡ ಅಂದ್ರೆ ಗಾಡಿಯೇ ಬೇಡ." ಅಡುಗೆಮನೆಯಲ್ಲಿ ನಿಂತು ನಾನು ಇದನ್ನು ಕೇಳಿಸಿಕೊಂಡೆ. ನಿಮ್ಮ ಅಜ್ಜ ಇರುವಾಗ ಸ್ಕೂಟರು ಅಂಗಳಕ್ಕೆ ಬಂದ ಮೇಲೆ ನನಗೆ ಗೊತ್ತಾದದ್ದು. ಒಂದು ಗಾಡಿಗೆ ಹೌದು ಅಥವಾ ಇಲ್ಲ ಎನ್ನುವ ಅಭ್ಯಾಸ ನನ್ನದಲ್ಲ.

ಮೊದಲು ಹೆದ್ದಾರಿಯ ಶೋರೂಮಿಗೆ ಕರೆದುಕೊಂಡು ಹೋದರು. ಬಿಳಿ ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿನ ಹುಡುಗಿ ನನ್ನನ್ನು ಕೈ ಹಿಡಿದು ಹತ್ತಿಸಿ, "ಕಂಫರ್ಟ್ ಉಂಟಲ್ಲ ಅಜ್ಜಿ?" ಎಂದಳು. ನಾನು ತಲೆಯಾಡಿಸಿದೆ. ನಿಮ್ಮ ಅಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಗಾಡಿಯ ಹೊಟ್ಟೆಯ ಕೆಳಗೆ ಇಣುಕುತ್ತಿದ್ದಳು.

"ಇದರ ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಹೋಗ್ತದಾ?"

"ಇದರಲ್ಲಿ ಆ ಆಪ್ಷನ್ ಇಲ್ಲ ಮೇಡಂ. ಆದ್ರೆ ದೊಡ್ಡ ಟಚ್ ಸ್ಕ್ರೀನ್ ಉಂಟು."

ಮನೆಗೆ ಬರುವಾಗ ಅವಳು ನನಗೆ ಬಿಡಿಸಿ ಹೇಳಿದಳು. ಮಾಮೂಲಿ ಗಾಡಿಯಲ್ಲಿ ಎರಡು ಚಕ್ರ ದುಡಿಯುತ್ತವೆ, ಎರಡು ಸುಮ್ಮನೆ ಉರುಳುತ್ತವೆ. ಕೆಸರಿನಲ್ಲಿ ದುಡಿಯುವ ಎರಡು ಸಿಕ್ಕಿಕೊಂಡರೆ ಕಥೆ ಮುಗಿಯಿತು. ಫೋರ್ ವೀಲ್ ಆದರೆ ಒಂದು ಲಿವರ್ ಹಾಕಿದ ಕೂಡಲೇ ನಾಲ್ಕೂ ದುಡಿಯುತ್ತವೆ. "ಊರಿನ ಗದ್ದೆಯ ಹಾಗೆ ಅಮ್ಮ. ಇಬ್ಬರು ನೆಟ್ಟು ಇಬ್ಬರು ಬದುವಿನಲ್ಲಿ ಕೂತ್ರೆ ಆಗ್ತದಾ?" ಅದು ನನಗೆ ಅರ್ಥವಾಯಿತು.

ಎರಡನೆಯ ಗಾಡಿ ಬೈಕಂಪಾಡಿಯ ಒಬ್ಬರ ಗೋದಾಮಿನಲ್ಲಿತ್ತು. ಹಳೆಯದು, ಕಪ್ಪು ಬಣ್ಣದ್ದು. ತಲೆಯ ಮೇಲೆ ದೀಪಗಳ ಸಾಲು, ಹಿಂದೆ ಮುಂದೆ ಹೊಳೆಯುವ ಕಂಬಿ, ಬದಿಯಲ್ಲಿ ಕೆಂಪು ಅಕ್ಷರದಲ್ಲಿ ಫೋರ್ ವೀಲ್ ಎನ್ನುವ ಸ್ಟಿಕ್ಕರು. ಒಳಗೆ ಆ ಲಿವರೂ ಇತ್ತು. ನಿಮ್ಮ ಅಮ್ಮ ಅದರ ಮೇಲೆ ಕೈ ಇಟ್ಟ ರೀತಿ ನೋಡಿಯೇ ನನಗೆ ತಿಳಿಯಿತು, ಇವಳ ಮನಸ್ಸು ಇಲ್ಲಿ ಸಿಕ್ಕಿತು ಎಂದು. ಮಾಲೀಕರು ಧಾರಾಳಿ. "ಆದಿತ್ಯವಾರ ಇಟ್ಕೊಳ್ಳಿ ಮೇಡಂ, ಎಲ್ಲಿ ಬೇಕಾದ್ರೂ ಓಡಿಸಿ ನೋಡಿ. ಸಂಜೆಯ ಚಾ ಹೊತ್ತಿಗೆ ತಂದು ಬಿಟ್ರೆ ಆಯ್ತು" ಎಂದರು.

ಆ ಆದಿತ್ಯವಾರ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನಿಮ್ಮ ಅಪ್ಪನ ಹೋಟೆಲಿನಲ್ಲಿ ಆ ದಿನವೇ ಜನ ಹೆಚ್ಚು, ಅವರು ಬೆಳಿಗ್ಗೆಯೇ ಹೋಗಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮಲ್ಲಿ ದೊಡ್ಡವಳು ನನ್ನನ್ನು ಕೇಳಿದಳು: "ಅಜ್ಜಿ, ನೀವು ದನ ಮೇಯಿಸಿದ ಪದವು ಈಗಲೂ ಉಂಟಾ?"

ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಪದವು ಎಂದರೆ ಗುಡ್ಡದ ತಲೆಯ ಮೇಲಿನ ಬಯಲು. ಅಡಿಯಲ್ಲೆಲ್ಲ ಕೆಂಪುಕಲ್ಲು, ಮೇಲೆ ಗೇಣುದ್ದ ಹುಲ್ಲು, ಮಳೆ ಬಿದ್ದ ಕೂಡಲೇ ಹುಲ್ಲಿನ ನಡುವೆ ಸಾಸಿವೆ ಗಾತ್ರದ ನೀಲಿ ಹೂಗಳು. ನನ್ನ ತವರಿನ ಪದವು ಮಣೆಯ ಹಾಗೆ ಸಮ, ಕಣ್ಣು ಮುಚ್ಚಿ ಓಡಿದರೂ ಎಡವುವುದಿಲ್ಲ ಎಂದು ಹೇಳುತ್ತಿದ್ದೆ. ಆ ದಿನವೂ, ಚಿಕ್ಕವಳಿಗೆ ಗಂಜಿ ತಿನ್ನಿಸುವ ಗಡಿಬಿಡಿಯಲ್ಲಿ, "ಪದವು ಎಲ್ಲಿಗೆ ಹೋಗ್ತದೆ ಮಗಾ, ಅಲ್ಲೇ ಉಂಟು" ಎಂದು ಹೇಳಿ ಆ ಮಾತು ಮರೆತೆ.

ಉಂಡು ಇಬ್ಬರೂ ಹೊರಟರು. ಗಾಡಿ ಸ್ಟಾರ್ಟ್ ಆಗಿತ್ತು. ನಾನು ಚಿಕ್ಕವಳನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದೆ.

ನಮ್ಮಲ್ಲಿ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ, ದಾರಿ ಕೆಡುತ್ತದೆ. ನನ್ನ ಅತ್ತೆಯ ಎದುರು ಯಾರಾದರೂ ಹಾಗೆ ಕೇಳಿದರೆ ಅವರು ಕಣ್ಣಿನಲ್ಲೇ ಸುಡುತ್ತಿದ್ದರು. ಕೇಳಲೇಬೇಕಾದರೆ "ದೂರವಾ?" ಎನ್ನಬೇಕು. ಹೇಳುವವರು ಹೇಳಿದಷ್ಟು, ಕೇಳುವವರು ಕೇಳಿದಷ್ಟು.

"ದೂರವಾ?" ಎಂದೆ.

"ದೂರ ಎಂತ ಇಲ್ಲ ಅಮ್ಮ. ಪದವಿಗೆ ಹೋಗಿ ಬರ್ತೇವೆ."

ಪದವಿನಂಗಡಿ ನಮ್ಮ ಮನೆಗೆ ಹತ್ತಿರ. ಈಗ ಅಲ್ಲಿ ಪದವೂ ಇಲ್ಲ, ಹುಲ್ಲೂ ಇಲ್ಲ. ಅಂಗಡಿ, ಬಸ್ಸು, ಗಿಜಿಗಿಜಿ. ಅಲ್ಲಿಯವರೆಗೆ ಒಂದು ಸುತ್ತು ಹೋಗಿ ಬರುತ್ತಾರೆ, ಗಾಡಿ ವಾಪಸು ಕೊಡುತ್ತಾರೆ ಎಂದುಕೊಂಡು ನಾನು ನೆಮ್ಮದಿಯಿಂದ ಒಳಗೆ ಬಂದೆ. ಆ ಕಪ್ಪು ಗಾಡಿಗೆ ಬೇಡ ಎನ್ನುವುದು ಹೇಗೆ ಎಂಬುದೊಂದೇ ಆಗ ನನ್ನ ಚಿಂತೆ.

ಚಾ ಹೊತ್ತು ದಾಟಿದ ಮೇಲೆ ನನ್ನ ಫೋನು ಹೊಡೆಯಿತು. ಗೋದಾಮಿನ ಮಾಲೀಕರು, ಗಾಡಿ ತರುವಾಗ ನಿಮ್ಮ ಅಮ್ಮ ನನ್ನ ನಂಬರೂ ಕೊಟ್ಟಿದ್ದಳು. ಗಂಡಸರ ಅಪರಿಚಿತ ಧ್ವನಿ ಕೇಳಿದರೆ ನನಗೆ ಅರ್ಧ ಮಾತು ನಿಂತುಹೋಗುತ್ತದೆ.

"ಅಮ್ಮ, ಮೇಡಂ ಗಾಡಿ ತರ್ಲಿಲ್ಲ. ಫೋನೂ ಹೋಗುವುದಿಲ್ಲ. ಮನೆಯಲ್ಲಿ ಉಂಟಾ?"

"ಇಲ್ಲ" ಎಂದೆ. ಅಷ್ಟೇ ಬಂತು.

ನಾನು ಫೋನು ಮಾಡಿದೆ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ಹೇಳಿದಳು. ಪದವಿನಂಗಡಿಯಲ್ಲಿ ವ್ಯಾಪ್ತಿ ಇಲ್ಲದಿರುವುದು ಹೇಗೆ? ಮತ್ತೆ ಮಾಡಿದೆ. ಅದೇ ಹೆಂಗಸು, ಅದೇ ಸಮಾಧಾನದ ಧ್ವನಿ. ಅವಳಿಗೆ ಮಗಳಿದ್ದಾಳೋ ಇಲ್ಲವೋ ಎಂದು ಯೋಚಿಸಿದ್ದು ನೆನಪಿದೆ.

ನಿಮ್ಮ ಅಪ್ಪನಿಗೆ ಹೇಳಿದೆ. ಅವರು ಯಾರನ್ನೋ ಬೈಕಿನಲ್ಲಿ ಪದವಿನಂಗಡಿಗೆ ಓಡಿಸಿದರು. ಸ್ವಲ್ಪ ಹೊತ್ತಿಗೆ ತಿರುಗಿ ಫೋನು ಬಂತು.

"ಅಲ್ಲಿ ಅಂಥ ಗಾಡಿಯನ್ನು ಯಾರೂ ನೋಡ್ಲಿಲ್ಲ ಮಾಮಿ. ಸರಿಯಾಗಿ ಎಂತ ಹೇಳಿದ್ದು ಅವಳು?"

"ಪದವಿಗೆ ಅಂತ."

"ಎಲ್ಲಿಗೆ ಅಂತ ಕೇಳ್ಲಿಲ್ವಾ ನೀವು?"

"ಹೊರಟವರನ್ನು ಕೇಳುವುದು ಹೇಗೆ..."

ಅವರೂ ಅದೇ ಕಟ್ಟಿನಲ್ಲಿ ಬೆಳೆದವರು. ಮಧ್ಯಾಹ್ನ ಅವಳು ಹೋಟೆಲಿಗೆ ಫೋನು ಮಾಡಿ ಹೊರಡ್ತಾ ಇದ್ದೇವೆ ಅಂದಾಗ ಅವರೂ ಆಯ್ತು ಎಂದಷ್ಟೇ ಹೇಳಿದ್ದರಂತೆ. "ನಾನು ಆಸ್ಪತ್ರೆಗಳಿಗೆ ಫೋನ್ ಮಾಡ್ತೇನೆ" ಎಂದು ಇಟ್ಟರು. ಆಸ್ಪತ್ರೆ ಎನ್ನುವ ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಚಿಕ್ಕವಳ ಹಣೆ ಒರೆಸುತ್ತಾ ಕೂತೆ. ಮಳೆ ಜೋರಾಯಿತು. ಅವಳು ನಿದ್ದೆಗಣ್ಣಿನಲ್ಲಿ "ಅಕ್ಕ ಎಲ್ಲಿ?" ಎಂದಳು. "ಪದವಿಗೆ ಹೋಗಿದ್ದಾಳೆ ಮಗಾ" ಎಂದೆ. ಹಾಗೆ ನನ್ನ ಬಾಯಿಯಿಂದಲೇ ಆ ಮಾತು ಬಂದಾಗ ನನಗೆ ಕೇಳಿಸಿತು. ಪದವಿನಂಗಡಿಯನ್ನು ನಮ್ಮ ಮನೆಯಲ್ಲಿ ಯಾರೂ ಪದವು ಎಂದು ಕರೆಯುವುದಿಲ್ಲ. ಪೂರ್ತಿ ಹೆಸರು ಹೇಳುತ್ತೇವೆ. ಬರೀ ಪದವು ಎಂದರೆ ನಮ್ಮ ಮನೆಯಲ್ಲಿ ಒಂದೇ. ನನ್ನ ಪದವು, ನೀಲಿ ಹೂವಿನದ್ದು, ಊಟದ ಹೊತ್ತಿಗೆ ಕೇಳಿದ್ದು.

ಅದು ಮಣೆಯ ಹಾಗೆ ಸಮವಾಗಿದ್ದದ್ದು ನಾನು ಲಂಗ ಉಡುವಾಗ. ಆಮೇಲೆ ಅಲ್ಲಿ ಕಲ್ಲು ಕೋರೆಗಳು ಬಂದವು. ಕೆಲವು ವರ್ಷಗಳ ಹಿಂದೆ ಸೋದರಮಾವನ ಉತ್ತರಕ್ರಿಯೆಗೆ ಹೋದಾಗ ನೋಡಿದ್ದೆ. ಗೋಡೆ ಕಟ್ಟುವ ಕೆಂಪುಕಲ್ಲನ್ನು ಕೊರೆದು ಕೊರೆದು, ನೆಲದಲ್ಲಿ ಚೌಕ ಚೌಕದ ಗುಂಡಿಗಳು, ಮನೆಯನ್ನೇ ಇಳಿಸಬಹುದಾದಷ್ಟು ಆಳ. ಕಲ್ಲು ಮುಗಿದ ಮೇಲೆ ಹಾಗೇ ಬಿಟ್ಟು ಹೋಗಿದ್ದರು. ಮಳೆಗಾಲದಲ್ಲಿ ಅವು ಅಂಚಿನವರೆಗೆ ತುಂಬುತ್ತವೆ. ಕೆಂಪು ನೀರು, ಸುತ್ತ ಹುಲ್ಲು. ನೋಡಿದರೆ ಮೊಣಕಾಲು ಮುಳುಗದ ಹೊಂಡ ಎಂದೇ ಅನಿಸಬೇಕು. ಮೇಯಲು ಹೋದ ಒಂದು ಎಮ್ಮೆ ಅದರಲ್ಲಿ ಬಿದ್ದು ಮೇಲೆ ಬರಲೇ ಇಲ್ಲ ಎಂದು ಅಲ್ಲಿ ಹೇಳಿದ್ದರು.

ನಿಮ್ಮ ಅಮ್ಮ ಫೋನಿನಲ್ಲಿ ನೋಡುತ್ತಿದ್ದ ಗಾಡಿಗಳು ನನ್ನ ಕಣ್ಣ ಮುಂದೆ ಬಂದವು, ನೀರು ಚಿಮ್ಮಿಸುತ್ತಾ.

ನಿಮ್ಮ ಅಪ್ಪನ ಫೋನು ಎಷ್ಟು ಮಾಡಿದರೂ ಬೇರೆಯವರೊಡನೆ ಮಾತಿನಲ್ಲಿತ್ತು. ಚಿಕ್ಕವಳನ್ನು ಶಾಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಗೇಟಿಗೆ ಹೋದೆ. ನಾವು ಬಾಯಿ ಎಂದು ಕರೆಯುವ ಅಲ್ಲಿನ ಕ್ರಿಸ್ತಿಯನ್ ಹೆಂಗಸು ನಿಮಗೆ ಗೊತ್ತಲ್ಲ, ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಬಂದವರು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಾನಾಗಿ ಅವರಲ್ಲಿ ಏನನ್ನೂ ಕೇಳಿದವಳಲ್ಲ.

"ಎಂತ ಅಕ್ಕ, ಮಳೆಯಲ್ಲಿ? ಒಳಗೆ ಬನ್ನಿ."

"ಬಾಯಿ, ನಿಮ್ಮ ಕಾರು ಉಂಟಾ?"

"ಕಾರಿಗೆ ಎಂತ, ನನ್ನ ಹಾಗೆ ತುಕ್ಕು ಹಿಡಿದು ಮನೆಯಲ್ಲೇ ಉಂಟು. ಯಾಕೆ?"

"ಪದವಿಗೆ..." ಎಂದೆ. ಮುಂದೆ ಬರಲಿಲ್ಲ.

"ಪದವಿಗಾ? ಈ ವಯಸ್ಸಿನಲ್ಲಿ ಯಾವ ಕಾಲೇಜು ಅಕ್ಕ?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ಒಳಗೆ ಹೋಗಿ ಕೀ ತಂದರು. ನಾವು ಹತ್ತಿದೆವು. ಸ್ಟಾರ್ಟ್ ಮಾಡಿ, ಕನ್ನಡಿಗೆ ನೇತುಹಾಕಿದ್ದ ಜಪಮಾಲೆ ಮುಟ್ಟಿ, ನನ್ನ ಕಡೆ ತಿರುಗಿ ಕೇಳಿದರು: "ಎಲ್ಲಿಗೆ?"

ಹೊರಟು ನಿಂತಾಗ, ಅದೂ ಇಂಥ ಹೊತ್ತಿನಲ್ಲಿ, ಆ ಮಾತು.

"ಎಲ್ಲಿಗೆ ಅಂತ ಹೇಳ್ಬೇಕಲ್ಲ ಅಕ್ಕ. ಇಲ್ಲದಿದ್ರೆ ಸ್ಟೇರಿಂಗ್ ಯಾವ ಕಡೆ ತಿರುಗಿಸುವುದು ನಾನು?"

ಹೇಳಿದೆ. ಊರಿನ ಹೆಸರು, ದಾರಿ, ಕೋರೆಯ ಗುಂಡಿ, ಎಮ್ಮೆ, ಎಲ್ಲ ಒಟ್ಟಿಗೆ. ಬಾಯಿ ಮತ್ತೆ ನಗಲಿಲ್ಲ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಅವರು ಕಾರು ಬಿಟ್ಟ ರೀತಿಗೆ ಬೇರೆ ದಿನವಾಗಿದ್ದರೆ ನಾನು ಕಣ್ಣು ಮುಚ್ಚುತ್ತಿದ್ದೆ. ದಾರಿಯಲ್ಲಿ ನಿಮ್ಮ ಅಪ್ಪನ ಫೋನು ಸಿಕ್ಕಿತು. ಬಾಯಿಯೇ ಮಾತಾಡಿದರು. ನಿಮ್ಮ ಅಪ್ಪನೂ ಹೋಟೆಲಿನಿಂದ ಹೊರಟರು, ನಮ್ಮ ಹಿಂದೆ.

ಪದವಿನ ಕೆಳಗೆ ರಸ್ತೆಯ ಬದಿಯಲ್ಲಿ ಒಂದು ಗೂಡಂಗಡಿ. ಮಳೆಗೆ ನಿಂತ ಗಂಡಸರು ನಾಲ್ಕೈದು ಮಂದಿ. ನಾನು ಇಳಿದು ಅವರ ಎದುರು ನಿಂತೆ. ಎಲ್ಲರೂ ನೋಡಿದರು. ತುಳುವಿನಲ್ಲಿ ಮಾತು ಬಂತು. ಒಂದು ಕಪ್ಪು ಪಿಕಪ್ ಮೇಲೆ ಹೋದದ್ದು ನೋಡಿದಿರಾ?

"ಹೋಗಿದೆಯಲ್ಲ, ಮಧ್ಯಾಹ್ನವೇ" ಎಂದ ಅಂಗಡಿಯವನು. "ಮೀನು ಎಂತ ಉಂಟು ಅಂತ ಕೇಳಿದೆ. ಓಡಿಸ್ತಿದ್ದ ಹೆಂಗಸು ಬೈದು ಹೋದ್ರು."

"ಇಳಿದು ಬಂತಾ?"

ಅವನ ಮುಖದ ನಗು ಹೋಯಿತು. "ಇಲ್ಲ ಅಮ್ಮ. ನಾನು ಇಲ್ಲೇ ಇದ್ದೇನೆ. ಬರ್ಲಿಲ್ಲ."

ಅವನು ಜೀಪು ಇದ್ದವರನ್ನು ಕರೆಯಲು ಓಡಿದ. ಬಾಯಿಯ ಕಾರಿಗೆ ಆ ಏರು ಹತ್ತುವ ಶಕ್ತಿಯಿಲ್ಲ. ಚಿಕ್ಕವಳನ್ನು ಅವರ ಕೈಯಲ್ಲಿ ಕೊಟ್ಟು, ಸೀರೆ ಎತ್ತಿ ಕಟ್ಟಿ, ನಾನು ಹತ್ತಿದೆ. "ಜೀಪು ಬರ್ಲಿ ಅಕ್ಕ, ನಿಲ್ಲಿ" ಎಂದು ಬಾಯಿ ಕೂಗಿದ್ದು ಕೇಳಿಸಿತು. ನಿಲ್ಲಲು ಆಗಲಿಲ್ಲ.

ಮೇಲೆ ಹೋದರೆ ಬರೀ ಮಳೆ. ಹುಲ್ಲು ಮಲಗಿತ್ತು. ನೀರಿನ ಚೌಕಗಳು ಅಲ್ಲೊಂದು ಇಲ್ಲೊಂದು, ಎಲ್ಲವೂ ಕೆಂಪಗೆ, ಎಲ್ಲವೂ ಅಂಚಿನವರೆಗೆ. ಮೊದಲನೆಯದರ ಬಳಿ ನಿಂತು ನೋಡಿದೆ. ಚಕ್ರದ ಗುರುತು ಇಲ್ಲ. ಎರಡನೆಯದರ ಬಳಿ ಎರಡು ಸಾಲು ಗುರುತು ಇತ್ತು. ಅದು ಅಂಚಿನವರೆಗೆ ಹೋಗಿತ್ತು. ಬಗ್ಗಿ ನೋಡಿದರೆ ಗುರುತು ಅಂಚಿನಲ್ಲಿ ತಿರುಗಿ ಆಚೆಗೆ ಹೋಗಿತ್ತು.

ಹೆಸರು ಕೂಗಿದರೆ ಮಳೆಯಲ್ಲಿ ಕರಗಿಹೋಗುತ್ತದೆ. ದನ ಕಾಯುವಾಗ ನಾವು ಹೆಸರು ಕೂಗುತ್ತಿರಲಿಲ್ಲ, ಕೂ ಹಾಕುತ್ತಿದ್ದೆವು. ಮದುವೆಯಾಗಿ ಬಂದ ಮೇಲೆ ನಾನು ಕೂ ಹಾಕಿದವಳಲ್ಲ. ಕೈಯನ್ನು ಬಾಯಿಯ ಸುತ್ತ ಹಿಡಿದು, ಇದ್ದಷ್ಟು ಉಸಿರು ಹಾಕಿ, ಕೂ ಎಂದೆ. ಏನೂ ಇಲ್ಲ. ಮತ್ತೆ ಹಾಕಿದೆ. ಆಗ ಬಲಗಡೆಯ ಕೆಳಗಿನಿಂದ, ಸಣ್ಣದಾಗಿ, ಒಡಕು ಸ್ವರದಲ್ಲಿ, ತಿರುಗಿ ಕೂ ಬಂತು.

ಅದು ನೀನು, ಮಗಾ. ಕೆಂಪುಕಲ್ಲಿನ ಒಂದು ದಿಬ್ಬದ ಮೇಲೆ, ಅಮ್ಮನ ಕೊಡೆ ಹಿಡಿದು ನಿಂತಿದ್ದೆ. ಕಾಲು ಮೊಣಕಾಲಿನವರೆಗೂ ಕೆಸರು. ಅಲ್ಲಿಂದ ಸ್ವಲ್ಪ ಕೆಳಗೆ ಗಾಡಿ, ಮೂತಿ ಒಂದು ದೊಡ್ಡ ಗುಂಡಿಯ ಕಡೆಗೆ. ಮುಂದಿನ ಚಕ್ರಕ್ಕೂ ನೀರಿಗೂ ನಡುವೆ ಒಬ್ಬರು ಅಡ್ಡ ಮಲಗುವಷ್ಟು ಜಾಗವೂ ಇರಲಿಲ್ಲ. ಒಳಗೆ ನನ್ನ ಮಗಳು, ಸ್ಟೇರಿಂಗ್ ಹಿಡಿದು, ಅಲುಗಾಡದೆ.

"ಹತ್ತಿರ ಬರ್ಬೇಡಿ ಅಮ್ಮ!"

ನಾನು ಹೋದೆ.

ಅವಳು ತಲೆ ತಿರುಗಿಸದೆ, ತುಟಿ ಮಾತ್ರ ಅಲ್ಲಾಡಿಸಿ ಹೇಳಿದಳು. ಗುಂಡಿಯನ್ನು ನೋಡಿ ದಾಟಬಹುದು ಎಂದುಕೊಂಡಿದ್ದಳು. ಆದರೂ ಮೊದಲು ಇಳಿದು ನೋಡಬೇಕು ಎಂದು ಆ ಫೋನಿನವರು ಹೇಳುತ್ತಾರಂತೆ. "ಕೋಲು ಹಾಕಿ ನೋಡಿದೆ ಅಮ್ಮ. ತಳ ಸಿಗ್ಲಿಲ್ಲ." ಹತ್ತಿ ಹಿಂದೆ ತೆಗೆಯಲು ನೋಡಿದಳು. ಹಿಂದಿನ ಚಕ್ರ ಕೆಸರಿನಲ್ಲಿ ಗಿರಗಿರ ತಿರುಗಿತೇ ಹೊರತು ಗಾಡಿ ಹಿಂದೆ ಬರಲಿಲ್ಲ, ಪ್ರತಿ ಸಲವೂ ಸ್ವಲ್ಪ ಮುಂದೆ ಜಾರಿತು. ಆ ಲಿವರ್ ಹಾಕಿದಳು. ಮುಂದಿನ ಚಕ್ರ ಕದಲಲೇ ಇಲ್ಲ. ಮಗಳನ್ನು ಇಳಿಸಿದಳು. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ಗೇರಿನಲ್ಲಿ ಹಾಕಿದರೂ ಇಂಚಿಂಚು ಜಾರಿದ ಹಾಗೆ ಅವಳಿಗೆ ಅನಿಸಿತು. ಹಾಗಾಗಿ ಆಗಿನಿಂದ ನಾನು ಬರುವವರೆಗೂ ಕಾಲನ್ನು ಬ್ರೇಕಿನ ಮೇಲೆ ಒತ್ತಿಕೊಂಡೇ ಕೂತಿದ್ದಳು. ಇಷ್ಟು ಗುಂಡಿಗಳ ನಡುವೆ ಮಗುವನ್ನು ಒಬ್ಬಳೇ ಊರಿಗೆ ಕಳಿಸುವ ಹಾಗಿರಲಿಲ್ಲ.

"ಇಳಿ" ಎಂದೆ.

"ಕಾಲು ತೆಗೆದ್ರೆ ಗಾಡಿ ಹೋಗ್ತದೆ."

"ಹೋಗ್ಲಿ."

"ಬೇರೆಯವರ ಗಾಡಿ ಅಮ್ಮ! ಹಾಗೆ ಬಿಡ್ಲಿಕ್ಕೆ ಆಗ್ತದಾ?"

"ಗಾಡಿ ಬೇರೆಯವರದ್ದು. ಒಳಗೆ ಇರುವುದು ನನ್ನದು. ಇಳಿ!"

ನನ್ನ ಧ್ವನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗಲೂ ನಾನು ಹಾಗೆ ಗದರಿದ ನೆನಪಿಲ್ಲ. ಅವಳು ನನ್ನನ್ನು ನೋಡಿದಳು. ಬಾಗಿಲು ತೆರೆದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ. ಒಂದು ಕಾಲು ಹೊರಗೆ ಇಟ್ಟಳು. ಇನ್ನೊಂದು ಕಾಲು, ಬ್ರೇಕಿನ ಮೇಲಿದ್ದದ್ದು, ಎತ್ತಲು ಬರಲಿಲ್ಲ, ಮರಗಟ್ಟಿತ್ತು. ನಾನು ಎಳೆದೆ. ಇಬ್ಬರೂ ಹಿಂದಕ್ಕೆ ಕೆಸರಿನಲ್ಲಿ ಬಿದ್ದೆವು. ಬಿದ್ದಲ್ಲಿಂದಲೇ ಗಾಡಿಯನ್ನು ನೋಡಿದೆವು.

ಗಾಡಿ ಕದಲಲಿಲ್ಲ. ಒಂದು ಹುಲ್ಲಿನಷ್ಟೂ ಕದಲಲಿಲ್ಲ. ಬಾಗಿಲು ತೆರೆದುಕೊಂಡು, ಮಳೆಯಲ್ಲಿ ನೆನೆಯುತ್ತಾ, ಎಮ್ಮೆಯ ಹಾಗೆ ನಿಂತಿತ್ತು.

ನಿಮ್ಮ ಅಮ್ಮ ನಗಲು ಶುರು ಮಾಡಿದಳು. ಆಮೇಲೆ ಅದು ಅಳುವಾಯಿತು. ಅವಳ ಬಲಗಾಲು ಜೀಪು ಬರುವವರೆಗೂ ತನ್ನಷ್ಟಕ್ಕೆ ನಡುಗುತ್ತಲೇ ಇತ್ತು. ನಾನು ಅದನ್ನು ತಿಕ್ಕುತ್ತಾ ಕೂತೆ.

ಜೀಪಿನವರು ಹಿಂದಿನಿಂದ ಎಳೆಯೋಣ ಎಂದರೆ ಹಗ್ಗ ಕಟ್ಟಲು ಕೊಕ್ಕೆಯೇ ಇಲ್ಲ. ಕೊಕ್ಕೆ ಇರಬೇಕಾದಲ್ಲಿ ಹೊಳೆಯುವ ಕಂಬಿ ಇತ್ತು, ಕೈ ಹಾಕಿದರೆ ಅಲ್ಲಾಡುತ್ತಿತ್ತು. ಕೊನೆಗೆ ಒಬ್ಬರು ಕೆಸರಿನಲ್ಲಿ ಮಲಗಿ ಅಡಿಗೆ ಹಗ್ಗ ಬಿಗಿದರು, ಗಾಡಿ ಮೇಲೆ ಬಂತು. ನಿಮ್ಮ ಅಪ್ಪ ಅಷ್ಟು ಹೊತ್ತಿಗೆ ಬಂದಿದ್ದರು. ನಿನ್ನನ್ನು ಎತ್ತಿಕೊಂಡು ಮಳೆಯಲ್ಲೇ ನಿಂತರು, ಎತ್ತುವ ಪ್ರಾಯ ನಿನಗೆ ಯಾವಾಗಲೋ ದಾಟಿತ್ತು.

ಕೆಳಗೆ ಅಂಗಡಿಯ ಬಳಿ ಫೋನಿಗೆ ಜೀವ ಬಂತು. ನಿಮ್ಮ ಅಮ್ಮ ಮಾಲೀಕರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ಲಿವರ್ ಹಾಕಿದೆ. ಮುಂದಿನ ಚಕ್ರ ತಿರುಗಲೇ ಇಲ್ಲವಲ್ಲ?"

"ಅದು... ಮುಂದಿನ ಚಕ್ರ ತಿರುಗಿಸುವ ಶಾಫ್ಟ್ ತೆಗೆದಿದ್ದೇವೆ ಮೇಡಂ. ಮೈಲೇಜಿಗೆ ಅಂತ."

"ಮತ್ತೆ ಲಿವರ್ ಉಂಟಲ್ಲ ಒಳಗೆ?"

"ಲಿವರ್ ಉಂಟು. ಅದಕ್ಕೆ ಕೆಲಸ ಇಲ್ಲ."

ಬಾಯಿ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಫೋರ್ ವೀಲ್ ಸ್ಟಿಕ್ಕರಿನಲ್ಲಿ ಮಾತ್ರ ಮಾರಾಯ್ರೆ!" ಎಂದರು. ಗೂಡಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ನಿಮ್ಮ ಅಪ್ಪ ಒಬ್ಬರೇ ನಗಲಿಲ್ಲ.

ಆಮೇಲೆ ಮನೆಯಲ್ಲಿ ಹಲವು ದಿನ ಗಾಡಿಯ ಮಾತೇ ಇಲ್ಲ. ನಿಮ್ಮ ಅಮ್ಮ ಬಸ್ಸಿನಲ್ಲಿ ಹೋಗುತ್ತಿದ್ದಳು, ಬರುತ್ತಿದ್ದಳು. ಫೋನಿನಲ್ಲಿ ಏನನ್ನೂ ನೋಡುತ್ತಿರಲಿಲ್ಲ. ಒಂದು ದಿನ ಉಣ್ಣುವಾಗ ನಿಮ್ಮ ಅಪ್ಪ ಹೇಳಿದರು: "ಮಾಮಿ ಬೇಡ ಅಂತ ಹೇಳಿಬಿಡ್ಲಿ. ಒಂದು ಸಣ್ಣ ಕಾರು ತೆಗೆದು ಸುಖವಾಗಿ ಇರುವ." ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ನಾನು ಬೇಡ ಎಂದೇ ಹೇಳುತ್ತೇನೆ ಎಂದು ಅವಳಿಗೂ ಖಾತ್ರಿಯಿತ್ತು. ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೂ ರಾತ್ರಿ ನಿದ್ದೆ ಬರುತ್ತಿತ್ತು.

ಆದರೆ ಕೋಲು ಹಾಕಿ ನೋಡಿದವಳು ಅವಳು. ಮೊದಲು ಮಗುವನ್ನು ಇಳಿಸಿದವಳು ಅವಳು. ಕೆಟ್ಟದ್ದು ಗಾಡಿ. ಮತ್ತೆ ಇವಳಿಗೆ ಹೋಗಬೇಕು ಎಂದು ಆದ ದಿನ, ಇಲ್ಲಿ ಗಾಡಿ ಇಲ್ಲದಿದ್ದರೆ ಯಾರದ್ದಾದರೂ ಗಾಡಿಯಲ್ಲಿ ಹೋಗುತ್ತಾಳೆ, ಹೇಳದೆ ಹೋಗುತ್ತಾಳೆ. ಅದು ನನಗೆ ಹೆಚ್ಚಿನ ಹೆದರಿಕೆ.

"ನಾಲ್ಕೂ ಚಕ್ರ ತಿರುಗುವುದನ್ನು ನಾನು ನೋಡ್ಬೇಕು" ಎಂದೆ. "ನೋಡದೆ ಸರಿ ಅಂತ ಹೇಳುವುದಿಲ್ಲ."

ನಿಮ್ಮ ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಮಾಮಿ, ನೀವಾ ಹೇಳುವುದು?"

ಬೂದು ಬಣ್ಣದ ಗಾಡಿ ಸಿಕ್ಕಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅದೂ ಹಳೆಯದೇ, ಆದರೆ ಅಲಂಕಾರ ಇಲ್ಲ. ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಅದನ್ನು ನೆಲದಿಂದ ಎತ್ತಿ ನಿಲ್ಲಿಸಿದರು. ನಾನು ಕೆಳಗೆ ನಿಂತೆ. ಎಣ್ಣೆಯ ವಾಸನೆ, ಕೆಲಸದವರೆಲ್ಲ ಈ ಅಜ್ಜಿಗೆ ಇಲ್ಲಿ ಎಂತ ಕೆಲಸ ಎಂದು ನೋಡುತ್ತಿದ್ದರು. ಒಳಗೆ ಕೂತವರು ಲಿವರ್ ಹಾಕಿದರು. ಮೊದಲು ಹಿಂದಿನ ಎರಡು, ಆಮೇಲೆ ಮುಂದಿನ ಎರಡು, ನಾಲ್ಕೂ ಗಾಳಿಯಲ್ಲಿ ತಿರುಗಿದವು. ಮುಂದೆ ಒಂದು, ಹಿಂದೆ ಒಂದು ಕಬ್ಬಿಣದ ಕೊಕ್ಕೆ. ಎರಡನ್ನೂ ಹಿಡಿದು ಎಳೆದು ನೋಡಿದೆ. ಹ್ಯಾಂಡ್ ಬ್ರೇಕ್ ಎಳೆದು ಇಳಿಜಾರಿನಲ್ಲಿ ನಿಲ್ಲಿಸಿ ಎಂದೆ. ನಿಲ್ಲಿಸಿದರು. ಅಲ್ಲೇ ನಿಂತು, ಎಲ್ಲರ ಎದುರಿಗೇ, "ಸರಿ" ಎಂದೆ.

ಅದರಲ್ಲಿ ಮೊದಲ ಸಲ ಹೊರಟ ಬೆಳಿಗ್ಗೆ ನಿಮಗೆ ನೆನಪಿರಬಹುದು. ಹಿಂದೆ ಡೇರೆ, ಒಲೆ, ಚಾಪೆ. ನೀವಿಬ್ಬರೂ ಹಿಂದಿನ ಸೀಟಿನಲ್ಲಿ, ನನಗೆ ಕೂರಲು ನಡುವೆ ಜಾಗ ಬಿಟ್ಟು. ನಾನು ಆ ದಿನ ಹತ್ತಲಿಲ್ಲ, ಇನ್ನೂ ಧೈರ್ಯ ಬಂದಿರಲಿಲ್ಲ. ಗೇಟಿನಲ್ಲಿ ನಿಂತಿದ್ದೆ. ಎಂಜಿನ್ನು ಶುರುವಾಯಿತು. ನನ್ನ ಬಾಯಿಗೆ ಅಭ್ಯಾಸದ ಮಾತು ಬಂತು, ದೂರವಾ ಎಂದು. ಅದನ್ನು ನುಂಗಿದೆ.

"ಎಲ್ಲಿಗೆ?" ಎಂದೆ.

ನಿಮ್ಮ ಅಪ್ಪ ಗಕ್ಕನೆ ಬ್ರೇಕ್ ಹಾಕಿದರು. "ಮಾಮಿ!" ಎಂದರು, ನಾನು ಏನೋ ಕೆಟ್ಟ ಮಾತು ಆಡಿದ ಹಾಗೆ. ನಿಮ್ಮ ಅಮ್ಮ ಇಳಿದು ಬಂದಳು. ನನ್ನ ಎದುರು ನಿಂತು ಹೇಳಿದಳು: ಯಾವ ರಸ್ತೆ, ಯಾವ ಗುಡ್ಡ, ಗುಡ್ಡದ ಕೆಳಗೆ ಯಾರ ಅಂಗಡಿ, ಎಷ್ಟು ಹೊತ್ತಿಗೆ ವಾಪಸು. ನಾನು ಅಷ್ಟನ್ನೂ ತಿರುಗಿ ಹೇಳಿ ಒಪ್ಪಿಸಿದೆ, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ.

ನಿಮ್ಮ ಅಪ್ಪನಿಗೆ ಸಮಾಧಾನವಾಗಲಿಲ್ಲ. ಹೊರಟ ದಾರಿಗೆ ಅಡ್ಡ ಮಾತು ಬಂದರೆ ಇಳಿದು, ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಅದೂ ನನ್ನ ಅತ್ತೆ ಹೇಳುತ್ತಿದ್ದ ಕ್ರಮವೇ. ಎಲ್ಲರನ್ನೂ ಇಳಿಸಿ ಜಗಲಿಯಲ್ಲಿ ಕೂರಿಸಿದರು. ನಾನು ಚೊಂಬಿನಲ್ಲಿ ನೀರು ತಂದೆ. ನೀವು ನಗುತ್ತಾ ಕುಡಿದಿರಿ, ಅವರು ಗಂಭೀರವಾಗಿ ಕುಡಿದರು. ಆಮೇಲೆ ಹೊರಟಿರಿ, ಸಂಜೆ ಹೇಳಿದ ಹೊತ್ತಿಗೆ ಕೆಸರು ಮೆತ್ತಿಕೊಂಡು ಬಂದಿರಿ. ಕೇಳಿದ್ದರಿಂದ ಏನೂ ಕೆಡಲಿಲ್ಲ ಎಂದು ಬರೆಯಲು ನನಗೆ ಈಗಲೂ ಸ್ವಲ್ಪ ಅಳುಕು. ನೀರು ಕುಡಿದದ್ದರಿಂದಲೂ ಇರಬಹುದು.

ಅಂದಿನಿಂದ ನಮ್ಮ ಮನೆಯಲ್ಲಿ ಗಾಡಿ ಎರಡು ಸಲ ಹೊರಡುತ್ತದೆ. ಸ್ಟಾರ್ಟ್ ಆದ ಕೂಡಲೇ ನಾನು ಕೇಳುತ್ತೇನೆ, ನೀವು ಹೇಳುತ್ತೀರಿ, ಇಳಿಯುತ್ತೀರಿ, ಕುಡಿಯುತ್ತೀರಿ. ಹಿಂದಿನ ದಿನವೇ ಚೊಂಬು ತೊಳೆದು ಜಗಲಿಯಲ್ಲಿ ಇಟ್ಟಿರುತ್ತೇನೆ. ಬಾಯಿಗೆ ಇದು ಬಾಯಿಪಾಠವಾಗಿದೆ. ಎಂಜಿನ್ನಿನ ಶಬ್ದ ಕೇಳಿದರೆ ಗೋಡೆಯ ಆಚೆಯಿಂದ ಕೂಗುತ್ತಾರೆ: "ಎಲ್ಲಿಗೆ ಅಂತ ಕೇಳಿ ಆಯ್ತಾ ಅಕ್ಕ? ನೀರು ಕುಡ್ದಾಯ್ತಾ? ಹಾಗಾದ್ರೆ ಇನ್ನು ಬಿಡಿ, ಹೋಗ್ಲಿ ಪಾಪ!"